ಬಿಟ್ಟ ಸ್ಥಳ ತುಂಬಿರಿ

(ಹನಗೋಡಿನ ಟೀ ಅಂಗಡಿ. ಮೈಸೂರಲ್ಲಿ ಇಂಟರ್‌ವ್ಯೂ ಮುಗಿಸಿ ಅಳಿಯ ಬಸ್ಸಿಳಿದಿದ್ದಾನೆ.)

– ಏನಂದ್ರು ಅಳಿಮಯ್ಯ?

– ‘ಡಿಗ್ರಿ ಆದ್ಮೇಲೆ ಗ್ಯಾಪ್ ಯಾಕೆ’ ಅಂದ್ರು ಮಾವ. 2021ರ ಅಕ್ಟೋಬರಲ್ಲಿ ಪಿಎಸ್‌ಐ ಪರೀಕ್ಷೆ ಬರೆದೆ ಅಂದೆ.

– ಸರಿಯಾಗೇ ಹೇಳಿದ್ದೀಯ.

– 2022ರಲ್ಲಿ ರದ್ದಾಯ್ತು, 2024ರ ಜನವರೀಲಿ ಅದೇ 545 ಹುದ್ದೆಗೆ ಮತ್ತೆ ಬರೆದೆ ಅಂದೆ.

– ಒಂದೇ ಹುದ್ದೆಗೆ ಎರಡು ಸಲ! ಅನುಭವ ಅಂದ್ರೆ ಇನ್ನೇನು? ನಡುವೆ ಹೊಗೆಸೊಪ್ಪಿನ ಬ್ಯಾರನ್ನಿಗೆ ರಾತ್ರಿಯೆಲ್ಲ ಸೌದೆ ಹಾಕಿದ್ದು?

– ಅದಕ್ಕೆ ಸಂಬಳದ ಚೀಟಿ ಕೇಳಿದ್ರು. ಅಪ್ಪ ಬೈದಿದ್ದು ಬಿಟ್ಟು ಬೇರೆ ದಾಖಲೆ ಇಲ್ಲ.

– ಆ ರದ್ದಾದ ಪರೀಕ್ಷೇಲಿ ಓಎಂಆರ್ ಶೀಟು ಖಾಲಿ ಬಿಟ್ಟೋರೂ ಆಯ್ಕೆಯಾಗಿದ್ರು ಅಂತ ಸಿಐಡಿ ಹೇಳ್ತಲ್ಲ. ನೀನು ಬಿಟ್ಟಿರೋದು ಬರೀ ಎರಡು ವರ್ಷ!

– ಅವರದ್ದನ್ನ ಆಮೇಲೆ ಯಾರೋ ತುಂಬಿದ್ರಂತೆ ಮಾವ.

– ಹಂಗಾದ್ರೆ ವರ್ಷ ತುಂಬೋಕೆ ರೇಟೆಷ್ಟು ಅಂತ ವಿಚಾರಿಸ್ಕೊಂಡ್ ಬರಬೇಕಿತ್ತು, ದಡ್ಡ!