ಕಮಿಟ್‌ಮೆಂಟ್: ನಾಲ್ಕು ತಾಲ್ಲೂಕುಗಳ ನಿಘಂಟಿಗೊಂದು ಅನುಬಂಧ

ಕಮಿಟ್‌ಮೆಂಟ್, ನಾಮಪದ. ಬಹುವಚನ: ಕಮಿಟ್‌ಮೆಂಟ್‌ಗಳು, ಇಂಗ್ಲಿಷ್ ಮೀಡಿಯಮ್ಮಿನವರಲ್ಲಿ ಕಮಿಟ್‌ಮೆಂಟ್ಸು. ಪ್ರಯೋಗ ವ್ಯಾಪ್ತಿ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು.

ವ್ಯುತ್ಪತ್ತಿಯಿಂದಲೇ ಗೊಂದಲ ಶುರು. ಲ್ಯಾಟಿನ್ನಿನ ‘ಕೊಮಿತ್ತೆರೆ’ ಎಂದರೆ ಕೂಡಿಸು, ಒಪ್ಪಿಸು. ಅದರೊಳಗಿನ ‘ಮಿತ್ತೆರೆ’ಗೆ ಕಳಿಸು ಎಂಬರ್ಥ. ನಮ್ಮ ಪಂಡಿತರು ಇದಕ್ಕೆ ಸಂಸ್ಕೃತದಿಂದ ‘ಬದ್ಧತೆ’ಯನ್ನು ತಂದರು, ಅದು ಕಟ್ಟಿಹಾಕಿದ್ದು. ಅಲ್ಲಿ ಕಳಿಸುತ್ತಾರೆ, ಇಲ್ಲಿ ಕಟ್ಟುತ್ತಾರೆ. ಬದ್ಧತೆ ಬಂಡಾಯದ ಕಾಲದಿಂದಲೂ ಸಾಹಿತ್ಯ ಗೋಷ್ಠಿಗಳಲ್ಲಿ ಸುಖವಾಗಿದೆ. ಹೊನ್ನಾಳಿ ಸಂತೆಯಲ್ಲಿ ಯಾರೂ ‘ನಂಗೆ ಸ್ವಲ್ಪ ಬದ್ಧತೆ ಐತೆ’ ಅಂದದ್ದಿಲ್ಲ.

ಹಳೆಯ ಕನ್ನಡಿಗರಿಗೆ ಈ ಪದದ ಹಂಗೇ ಇರಲಿಲ್ಲ. ಅವರಲ್ಲಿ ‘ಭಾಷೆ’ ಇತ್ತು. ಕೊಟ್ಟ ಮಾತಿಗೂ ಆಡುವ ನುಡಿಗೂ ಒಂದೇ ಹೆಸರು. ಉಂಡ ಜೋಳದ ಋಣಕ್ಕೆ ‘ಜೋಳವಾಳಿ’, ಒಡೆಯನ ಜೊತೆ ಸಾಯುವ ವ್ರತಕ್ಕೆ ‘ವೇಳೆವಾಳಿ’. ಹೊಯ್ಸಳ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ, 1220ರ ಸುಮಾರಿಗೆ, ಅವನ ಗರುಡನಾದ, ಅಂದರೆ ಒಡೆಯನ ಜೊತೆಗೇ ಸಾಯುವ ವ್ರತ ತೊಟ್ಟ ಕುವರ ಲಕ್ಷ್ಮ, ಹೆಂಡತಿ ಸುಗ್ಗಲದೇವಿ ಮತ್ತು ಸಾವಿರ ವೀರರೊಂದಿಗೆ ಪ್ರಾಣ ಕೊಟ್ಟ ಕಥೆಯನ್ನು ಹಳೇಬೀಡಿನ ಕಂಬದ ಶಾಸನ ಹೇಳುತ್ತದೆ. ಅಂದು ಯಾರಾದರೂ ಲಕ್ಷ್ಮನನ್ನು ಬೇರೆ ಕಡೆ ಕರೆದಿದ್ದರೆ, ‘ಇಲ್ಲ, ಆವತ್ತು ಕಮಿಟ್‌ಮೆಂಟ್ ಐತೆ’ ಎನ್ನುವ ಪೂರ್ಣ ಹಕ್ಕು ಅವನಿಗಿತ್ತು.

ಈಗಿನ ಹಕ್ಕುದಾರರ ಮೂಲಸ್ಥಾನ ಚನ್ನಗಿರಿಯ ಅಡಿಕೆ ತೋಟ. ಇಲ್ಲಿ ಫಸಲನ್ನು ಚೇಣಿಗೆ ಕೊಡುವುದುಂಟು: ಕ್ವಿಂಟಾಲ್ ಹಸಿ ಅಡಿಕೆಗೆ ಇಷ್ಟು ಕೆ.ಜಿ. ಒಣ ಅಡಿಕೆ ಎಂದು ಚೇಣಿದಾರನ ಜೊತೆ ಮಾತಾಗುತ್ತದೆ, ಮುಂಗಡವೂ ಕೈಗೆ ಬರುತ್ತದೆ. ಗೊನೆ ಇನ್ನೂ ಮರದಲ್ಲಿರುವಾಗಲೇ ಆ ದುಡ್ಡು ಬೋರ್‌ವೆಲ್ಲಿಗೋ ಟ್ರ್ಯಾಕ್ಟರ್ ಕಂತಿಗೋ ಮಗಳ ಮದುವೆಗೋ ಹೋಗಿರುತ್ತದೆ. ಅಷ್ಟರಲ್ಲಿ ಭಾವ ಕೈಗಡ ಕೇಳಲು ಬರುತ್ತಾನೆ. ಯಜಮಾನ ಇಲ್ಲ ಎನ್ನುವುದಿಲ್ಲ. ಮೊದಲು ಚಾ. ಆಮೇಲೆ ವೀಳ್ಯದೆಲೆಯ ತೊಟ್ಟು ಮುರಿದು ಪಕ್ಕಕ್ಕಿಟ್ಟು, ಬೆನ್ನಿಗೆ ಸುಣ್ಣ ಸವರುತ್ತ, ಸುಣ್ಣವನ್ನೇ ನೋಡುತ್ತ: ‘ಕೊಡಬಾರ್ದು ಅಂತಲ್ಲ ಭಾವ. ಈ ಸಲ ಸ್ವಲ್ಪ ಕಮಿಟ್‌ಮೆಂಟ್ ಜಾಸ್ತಿ ಆಗ್ಬಿಟ್ಟೈತೆ.’

‘ಹೌದೌದು, ಎಲ್ರಿಗೂ ಇರ್ತಾವೆ’ ಎಂದು ಭಾವ ಎಲೆಗೆ ಕೈ ಚಾಚುತ್ತಾನೆ.

ಇಲ್ಲಿಗೆ ಪ್ರಮೇಯ ಸಿದ್ಧವಾಯಿತು. ‘ಸಾಲ ಐತೆ’ ಅಂದಿದ್ದರೆ ಎಷ್ಟು, ಯಾರ ಹತ್ರ, ಬಡ್ಡಿ ಏನು ಎಂದು ಭಾವ ಕೇಳದೆ ಬಿಡುತ್ತಿರಲಿಲ್ಲ. ಕಮಿಟ್‌ಮೆಂಟಿಗೆ ಉಪಪ್ರಶ್ನೆ ಇಲ್ಲ. ಮಾತು ಕೊಡುವುದಕ್ಕೆ ಹುಟ್ಟಿದ ಪದ ಈ ನಾಲ್ಕು ತಾಲ್ಲೂಕುಗಳಲ್ಲಿ ಹೊಸ ಮಾತು ಕೊಡದಿರುವುದಕ್ಕೆ ಕಾರಣವಾಗಿ ನೆಲೆಸಿದೆ.

ಇದು ಅಪಭ್ರಂಶ, ಹಳ್ಳಿಗರ ಅಜ್ಞಾನ ಎನ್ನುವುದು ಪೂರ್ವಪಕ್ಷ. ಪಾಪ, ಆ ಪಕ್ಷದವರು ಬಜೆಟ್ ಓದುವುದಿಲ್ಲ. ಸರ್ಕಾರಿ ಲೆಕ್ಕದಲ್ಲಿ ಸಂಬಳ, ಪಿಂಚಣಿ, ಬಡ್ಡಿ ಇವೆಲ್ಲ ‘ಬದ್ಧ ವೆಚ್ಚ’; ಹೊಸ ರಸ್ತೆ ಕೇಳಿದವರಿಗೆ ಅದನ್ನೇ ತೋರಿಸುತ್ತಾರೆ. ತೋಟದ ಯಜಮಾನ ಹೇಳಿದ್ದು ಹಣಕಾಸು ಇಲಾಖೆಯ ಶುದ್ಧ ಪರಿಭಾಷೆ.

ಹೊನ್ನಾಳಿಯಲ್ಲಿ ಒಂದು ಪಾಠಾಂತರವಿದೆ. ಸೆಷನ್ಸ್ ನ್ಯಾಯಾಲಯವೇ ವಿಚಾರಿಸಬೇಕಾದ ಪ್ರಕರಣವನ್ನು ಮ್ಯಾಜಿಸ್ಟ್ರೇಟರು ಅಲ್ಲಿಗೆ ಒಪ್ಪಿಸಬೇಕು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 209ನೇ ಕಲಂ, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 232. ವಕೀಲರು ‘ಕೇಸ್ ಕಮಿಟ್ ಆಯ್ತು’ ಎನ್ನುತ್ತಾರೆ. ಲ್ಯಾಟಿನ್ನಿನ ‘ಕಳಿಸು’ ಕೆಡದೆ ಉಳಿದಿರುವುದು ಇಲ್ಲೊಂದೇ ಕಡೆ. ಹಾಗಾಗಿ ಕಾಲೇಜು ಹುಡುಗನೊಬ್ಬ ಬಸ್‌ಸ್ಟ್ಯಾಂಡಿನಲ್ಲಿ ಗೆಳೆಯನಿಗೆ ‘ನಾನು ಕಮಿಟ್ ಆಗಿದೀನಿ ಕಣೋ’ ಎಂದರೆ, ಪಕ್ಕದ ವಕೀಲರ ಗುಮಾಸ್ತ ಅವನನ್ನು ಮರುಕದಿಂದ ನೋಡುವ ಸಂಭವವಿದೆ.

ನ್ಯಾಮತಿ ಅಪವಾದ. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಗುವ ಮಾತು 2017ರ ರಾಜ್ಯ ಬಜೆಟ್‌ನಲ್ಲಿ ಬಂತು, ತಾಲ್ಲೂಕೂ ಆಯಿತು. ಪ್ರಮೇಯಕ್ಕೆ ಇದರಿಂದ ತೊಂದರೆಯಾಗುವ ಕಾರಣ ಪ್ರಬಂಧಕಾರರು ಹೆಚ್ಚು ವಿವರಿಸುವುದಿಲ್ಲ.

ಜಗಳೂರಿನಲ್ಲಿ ಪದ ತನ್ನ ಪರಿಪಕ್ವ ರೂಪ ತಾಳುತ್ತದೆ. ಮಳೆ ಕಡಿಮೆ, ಕೊಳವೆಬಾವಿ ಆಳ, ಕಣ್ಣೆಲ್ಲ ಭದ್ರಾ ಮೇಲ್ದಂಡೆಯ ಕಡೆ. ನಾಲ್ಕು ಜಿಲ್ಲೆಗಳ 2,25,515 ಹೆಕ್ಟೇರಿಗೆ ಹನಿ ನೀರಾವರಿ ಕೊಡಬೇಕಾದ ಈ ಯೋಜನೆಗೆ ಕೇಂದ್ರದ 2023-24ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಆ ದುಡ್ಡು ಬರಲಿಲ್ಲವೆಂದು ಮರುವರ್ಷ ರಾಜ್ಯ ಸರ್ಕಾರ ತನ್ನ ಬಜೆಟ್‌ನಲ್ಲೇ ದೂರಿತು. ಎರಡೂ ಕಡೆಯವರ ವಾದ ಪ್ರತಿವಾದಗಳಿಗೆ ಬೇರೆ ಸಂಪುಟವೇ ಬೇಕು.

ಜಗಳೂರಿನ ಮೆಕ್ಕೆಜೋಳದ ರೈತನಿಗೆ ಆ ಸಂಪುಟ ಬೇಕಿಲ್ಲ. ಕಾಲುವೆ ಯಾಕೆ ತಡ ಎಂದು ಚಾದಂಗಡಿಯಲ್ಲಿ ಕೇಳಿದರೆ, ಬಸಿ ಬಗ್ಗಿಸಿ ಕೊನೆಯ ಗುಟುಕು ಹೀರಿ, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಾನೆ.

‘ಅವ್ರಿಗೂ ಏನೇನೋ ಕಮಿಟ್‌ಮೆಂಟ್ ಇರ್ತಾವೆ ಬಿಡ್ರಿ.’