ಜಾವಾ ಉಪಾಸಕರು

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಭಾನುವಾರ ಬೆಳಗ್ಗೆ ಕಾಲ್ನಡಿಗೆಯಲ್ಲಿ ಸಂಚರಿಸತಕ್ಕವರಿಗೆ, ಗೇಟಿನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಹಳೆಯ ಪಂಚೆಯ ತುಂಡಿನಿಂದ ಮೆರೂನ್ ಬಣ್ಣದ ಮೋಟಾರ್ ಸೈಕಲ್ಲೊಂದರ ಅಂಗಾಂಗಗಳನ್ನು ಪರಮ ತಾಳ್ಮೆಯಿಂದ ಉಜ್ಜುತ್ತಿರುವ, ಅರವತ್ತು ದಾಟಿದ ಗೃಹಸ್ಥರೊಬ್ಬರು ಕಾಣಸಿಗದೆ ಇರುವುದು ಅಪೂರ್ವ. ಇವರೇ ಜಾವಾ ಉಪಾಸಕರು. ಸ್ವಂತ ಮಕ್ಕಳ ಜನ್ಮದಿನವನ್ನು ಪತ್ನಿಯಿಂದ ಕೇಳಿ ತಿಳಿಯಬೇಕಾದ ಇವರಿಗೆ, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಉತ್ಪಾದನೆಯನ್ನು ಆರಂಭಿಸಿದ್ದೂ, ಎಪ್ಪತ್ತರ ದಶಕದಲ್ಲಿ ಜಾವಾ ಎಂಬ ನಾಮಧೇಯ ಹೋಗಿ ಯೆಜ್ಡಿ ಎಂದಾದದ್ದೂ, 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿದ್ದೂ ಕಂಠಸ್ಥ. ಕಡೆಯ ಇಸವಿಯನ್ನು ಉಚ್ಚರಿಸುವ ಮುನ್ನ ಅವರು ಕ್ಷಣಕಾಲ ಮೌನವನ್ನು ಪಾಲಿಸುವರು.

ಮೋಟಾರ್ ಸೈಕಲ್ಲೆಂದರೆ ಗದ್ದಲ, ಹೊಗೆ, ಅವಸರ ಈ ಮೂರರ ಸಂಯೋಗವೆಂದು ನಂಬಿದ್ದ ಪಾದಚಾರಿ ವರ್ಗದವನು ನಾನು. ನೆರೆಮನೆಯಲ್ಲಿಯೇ ಇಂಥ ಉಪಾಸಕರೊಬ್ಬರು ನೆಲೆಸಿರುವುದರಿಂದ ಮೊದಲೆರಡರ ಬಗ್ಗೆ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಆದರೆ ಅವಸರಕ್ಕೂ ಇವರಿಗೂ ಯಾವ ಸಂಬಂಧವೂ ಇಲ್ಲವೆಂಬುದು ಬಹುಬೇಗ ಮನದಟ್ಟಾಯಿತು. ಬಂಕಿನಲ್ಲಿ ಪೆಟ್ರೋಲಿಗೆ ಆಯಿಲನ್ನು ಅಳೆದು ಬೆರೆಸುವಾಗ ಇವರ ಹಿಂದೆ ನಿಂತವರು ವೈರಾಗ್ಯವನ್ನು ಅಭ್ಯಾಸ ಮಾಡಬಹುದು. “ಆ ಎಣ್ಣೆ ದುಡ್ಡಲ್ಲಿ ಮನೆಗೆ ವರ್ಷದ ಒಗ್ಗರಣೆ ಆಗ್ತಿತ್ತು” ಎಂದು ಅವರ ಮನೆಯಾಕೆ ನಿಟ್ಟುಸಿರು ಬಿಡುವುದುಂಟು.

ಯಂತ್ರದ ರಚನೆಯೂ ಉಪಾಸಕರ ಸ್ವಭಾವಕ್ಕೆ ಅನುರೂಪವಾದದ್ದೇ. ವಾಹನವನ್ನು ಎಬ್ಬಿಸಲು ಒದೆಯುವ ಕಿಕ್ಕರೇ, ಎಂಜಿನ್ನು ಎದ್ದ ಬಳಿಕ ಮುಂದಕ್ಕೆ ಹೊರಳಿ ಗೇರಿನ ಪದವಿಯನ್ನು ಅಲಂಕರಿಸುತ್ತದೆ. ಬೀಗದ ಕೈಯೆಂಬುದು ಹೆಡ್‌ಲೈಟಿನ ನೆತ್ತಿಯ ರಂಧ್ರಕ್ಕೆ ಒತ್ತುವ ಒಂದು ಮೊಳೆಯಂಥ ವಸ್ತು. ಒಬ್ಬರದು ಇನ್ನೊಬ್ಬರ ಗಾಡಿಗೂ ಸಲ್ಲುವುದರಿಂದ ಇವರೊಳಗೆ ಪರಸ್ಪರ ವಿಶ್ವಾಸವು ಅನಿವಾರ್ಯವಾಗಿ ಬೆಳೆದಿರಬೇಕು. “ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು ಏತಕ್ಕೆ?” ಎಂದು ನಾನೊಮ್ಮೆ ವಿಚಾರಿಸಿದ್ದಕ್ಕೆ, “ಮನುಷ್ಯನಿಗೆ ಮೂಗಿನ ಹೊಳ್ಳೆ ಎರಡು ಏತಕ್ಕೆ ಸ್ವಾಮಿ?” ಎಂಬ ಉತ್ತರ ದೊರೆಯಿತು. 2018ರಲ್ಲಿ ಜಾವಾ ಎಂಬ ಹೆಸರಿನಲ್ಲಿಯೇ ನವೀನ ವಾಹನವೊಂದು ಪೇಟೆಗೆ ಬಂದಾಗ ಉತ್ಸಾಹದಿಂದ ನೋಡಲು ಹೋದವರು, ಅದು ಫೋರ್ ಸ್ಟ್ರೋಕೆಂದೂ, ಎಂಜಿನ್ನನ್ನು ತಣಿಸಲು ಅದಕ್ಕೆ ದ್ರವ ಬೇಕೆಂದೂ ತಿಳಿದು, “ಪಾಪ, ಚೆನ್ನಾಗಿದೆ” ಎಂದು ಹೇಳಿ ಹಿಂದಿರುಗಿದರು.

ಇವರ ಮಹಿಮೆ ನನಗೆ ಗೋಚರಿಸಿದ್ದು ವಾಹನವು ಓಡುವಾಗಲ್ಲ, ನಿಂತಾಗ. ನಂಜನಗೂಡಿನ ಹಾದಿಯಲ್ಲಿ, ನಾನು ಹಿಂಬದಿಯಲ್ಲಿ ಕುಳಿತು ಇಷ್ಟದೇವತೆಯನ್ನು ಸ್ಮರಿಸುತ್ತಿದ್ದ ಹೊತ್ತಿನಲ್ಲಿ, ಎಂಜಿನ್ನು ಒಮ್ಮೆ ಕೆಮ್ಮಿ ಸ್ತಬ್ಧವಾಯಿತು. ನನಗೆ ಸಂಕಟ, ಅವರಿಗೋ ಮುಖದಲ್ಲಿ ಎಂಥದೋ ಕಳೆ. “ಪ್ಲಗ್ಗಿಗೆ ಕಾರ್ಬನ್ ಹಿಡಿದಿದೆ” ಎಂದು ಘೋಷಿಸಿ, ಗಾಡಿಯನ್ನು ನೆರಳಿನವರೆಗೆ ತಳ್ಳುವ ಕೆಲಸವನ್ನು ನನಗೊಪ್ಪಿಸಿ, ಪ್ಲಗ್ ಬಿಚ್ಚಲು ಕುಳಿತರು. ಅಷ್ಟರಲ್ಲಿ ಕೆಂಪು ಜಾವಾದ ಮೇಲೆ ಕಾಲೇಜು ಹುಡುಗನೊಬ್ಬ, ಮಾಸಿದ ಯೆಜ್ಡಿಯ ಮೇಲೆ ಹಾಲಿನ ಕ್ಯಾನುಗಳ ನಡುವೆ ರೈತರೊಬ್ಬರು, ಯಾರೂ ಕರೆಯದೆ, ಕೈ ಬೀಸದೆ, ತಾವಾಗಿಯೇ ಬಂದು ನಿಂತರು. ಪರಸ್ಪರ ಹೆಸರು ಕೇಳಿದವರಿಲ್ಲ, ಊರು ಕೇಳಿದವರಿಲ್ಲ, “ಯಾವ ಮಾಡೆಲ್ಲು? ಯಾವ ಇಸವಿ?” ಎಂಬಲ್ಲಿಗೆ ಗೋತ್ರಪ್ರವರ ಮುಗಿಯಿತು. ಹುಡುಗನ ಜೇಬಿನಿಂದ ಎಮರಿ ಕಾಗದವೂ ರೈತರ ಚೀಲದಿಂದ ಹೊಸ ಪ್ಲಗ್ಗೂ ಪ್ರತ್ಯಕ್ಷವಾದವು. ಕೆಲಸ ಕೆಲವೇ ನಿಮಿಷಗಳದ್ದಾದರೂ ಸಂಭಾಷಣೆ ಹಾಲು ಒಡೆಯುವ ಹೊತ್ತಿನವರೆಗೆ ನಡೆಯಿತು. ಪ್ಲಗ್ಗಿನ ಹಣವನ್ನು ಕೊಡಲು ಹೋದಾಗ ರೈತರು, “ಮುಂದೆ ಯಾರಾದರೂ ನಿಂತಿದ್ದರೆ ಅವರಿಗೆ ಕೊಡಿ ಸಾರ್” ಎಂದು ಹೊರಟೇಬಿಟ್ಟರು. ನನ್ನ ಕಚೇರಿಯಲ್ಲಿ ದಶಕಗಳ ಕಾಲ ಪಕ್ಕದ ಮೇಜಿನಲ್ಲಿ ಕುಳಿತಿದ್ದ ಮಹನೀಯರು ಒಂದು ಗುಂಡುಸೂಜಿಗೂ ಲೆಕ್ಕ ಬರೆಸಿಕೊಳ್ಳುತ್ತಿದ್ದರೆಂಬುದು ಏಕೋ ನೆನಪಾಯಿತು.

ಕೆಡದ ಗಾಡಿಯನ್ನು ಕೊಡಿಸುವುದಾಗಿ ಉಪಾಸಕರ ಮಗ ಆಗಾಗ್ಗೆ ಹೇಳುತ್ತಾನೆ. “ಕೆಡದಿದ್ದರೆ ನನ್ನನ್ನ ಯಾರಪ್ಪಾ ಮಾತಾಡಿಸ್ತಾರೆ?” ಎಂದು ಇವರು ಕೇಳುವರು.

ಜುಲೈ ತಿಂಗಳ ಎರಡನೆಯ ಭಾನುವಾರ ಇವರಿಗೆ ಜಾವಾ ದಿನ. ನೂರಾರು ಸೈಲೆನ್ಸರುಗಳ ಏಕಕಾಲದ ಹವನದಿಂದ ಆಗಸವೇ ನೀಲಿಯಾಗುವ ಆ ಮಹೋತ್ಸವಕ್ಕೆ ಈ ವರ್ಷ ನನ್ನನ್ನೂ ಒಯ್ದರು. ಕಣ್ಣುರಿಯನ್ನು ಸಹಿಸಿಕೊಂಡು ಸಂಕೋಚದಿಂದ ನಿಂತಿದ್ದ ನನ್ನನ್ನು ನೆರೆದ ಮಂಡಲಿಗೆ ಪರಿಚಯಿಸುತ್ತ, “ಇವರಿಗೆ ಗಾಡಿ ಇಲ್ಲ, ಆದರೆ ತಳ್ಳೋದರಲ್ಲಿ ಒಳ್ಳೇ ಅನುಭವಸ್ಥರು, ಗೊಣಗೋದೂ ಇಲ್ಲ” ಎಂದರು. ಸಭೆಯಲ್ಲಿ ಗೌರವದ ಮರ್ಮರವೆದ್ದಿತು. ಬಿಳಿಮೀಸೆಯ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ತಗ್ಗಿದ ಸ್ವರದಲ್ಲಿ ಕೇಳಿದರು: “ಬರೋ ಭಾನುವಾರ ತಮಗೆ ಬಿಡುವಿದೆಯೇ ಸ್ವಾಮಿ?”