ಹತ್ತು ಪರ್ಸೆಂಟಿನ ಅತ್ತಿ

ಅಣ್ಣನ ಮಗಳ ನಿಶ್ಚಯಕ್ಕೆ ಮನೆಮಂದಿಯ ಬಟ್ಟೆಯ ಬಣ್ಣ ಆರಿಸಿಕೊಡು ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ನಾನೇ ಮೈಮೇಲೆ ಎಳೆದುಕೊಂಡೆ. ನನಗಿದ್ದ ಅರ್ಹತೆ ಎರಡು: ಮೂವತ್ತು ವರ್ಷದಿಂದ ಬಿಳಿ ಅಂಗಿ, ಬೂದು ಪ್ಯಾಂಟು ಬಿಟ್ಟು ಬೇರೇನೂ ತೊಟ್ಟವನಲ್ಲ, ಮತ್ತು ಕಲಾವಿದ ಯೊಹಾನೆಸ್ ಇಟ್ಟನ್ 1961ರಲ್ಲಿ ಪ್ರಕಟಿಸಿದ ಪುಸ್ತಕದ 12 ಬಣ್ಣಗಳ ಚಕ್ರವನ್ನು ಹಿಂದಿನ ವಾರವಷ್ಟೇ ಮೊಬೈಲಿಗೆ ಇಳಿಸಿಕೊಂಡಿದ್ದೆ.

ಚಕ್ರದ ಬೆನ್ನಿಗೇ 60-30-10 ಎಂಬ ಸೂತ್ರವೂ ಸಿಕ್ಕಿತು. ಮುಖ್ಯ ಬಣ್ಣ ಅರವತ್ತು ಪಾಲು, ಜೋಡಿ ಬಣ್ಣ ಮೂವತ್ತು, ಎದ್ದು ಕಾಣುವ ಬಣ್ಣ ಹತ್ತು. ಒಬ್ಬರ ಉಡುಪಿಗೆ ಅನ್ವಯಿಸಬೇಕಾದ ಇದನ್ನು ನಾನು ಇಡೀ ಕುಟುಂಬಕ್ಕೆ ಅನ್ವಯಿಸಿದೆ. ಮನೆಯಲ್ಲಿ ಹತ್ತು ಮಂದಿ; ಲೆಕ್ಕ ಅಚ್ಚುಕಟ್ಟಾಗಿ ಕೂತಿತು. ಆರು ಜನಕ್ಕೆ ಸಾಸಿವೆ ಹಳದಿ, ಮೂವರಿಗೆ ಮರೂನ್, ಒಬ್ಬರಿಗೆ ಹಸಿರು. ಆ ಒಬ್ಬರು ನಮ್ಮ ಅತ್ತಿ.

“ನಾನೊಬ್ಬಾಕಿನಽ ಯಾಕೋ ಹತ್ತು ಪರ್ಸೆಂಟು?”

“ಅದು ಎದ್ದು ಕಾಣೋ ಬಣ್ಣ, ಅತ್ತಿ. ಎಲ್ಲಾರ ಕಣ್ಣು ಮೊದಲು ಅಲ್ಲಿಗೇ ಹೋಗತೈತಿ.”

“ಎಪ್ಪತ್ತಾರರಾಗ ನನ್ನ ಕಡೆ ಯಾರ ಕಣ್ಣು ಹೋಗಬೇಕಾಗೇತೋ?”

ತಿಳಿಸಿ ಹೇಳೋಣವೆಂದು, ಮನೆಯ ಒಳಾಂಗಣ ಮಾಡುವವರೂ ಇದೇ ಸೂತ್ರ ಬಳಸುತ್ತಾರೆ, ಗೋಡೆ ಅರವತ್ತು, ಸೋಫಾ ಮೂವತ್ತು, ದಿಂಬು ಹತ್ತು ಎಂದೆ. “ಅಂದ್ರ ನಾ ದಿಂಬು” ಎನ್ನುತ್ತ ಅತ್ತಿ ಒಳಗೆ ನಡೆದಳು.

ಹುಬ್ಬಳ್ಳಿಯ ಮ್ಯಾಚಿಂಗ್ ಸೆಂಟರಿನಲ್ಲಿ “ಸಾಸಿವಿ ಬಣ್ಣದ್ದು ತೋರಸಪಾ” ಎಂದೆ. ಹುಡುಗ ಕಪ್ಪುಗಂದು ಥಾನ್ ಇಳಿಸಿದ. ಅವನದೇನು ತಪ್ಪು? ನಮ್ಮ ಒಗ್ಗರಣೆ ಡಬ್ಬಿಯಲ್ಲಿರುವುದು ಅದೇ ಬಣ್ಣ. “ಮಸ್ಟರ್ಡೋ” ಎಂದು ನಾನಂದ ಮೇಲೆ, “ಹಂಗ ಕನ್ನಡದಾಗ ಹೇಳ್ರಿ ಮತ್ತ” ಎಂದು ಹಳದಿ ತೆಗೆದ.

ಮನೆಗೆ ತಂದು ಮರೂನ್ ಪಕ್ಕದಲ್ಲಿ ಹಾಸಿದರೆ ಅದೇ ಹಳದಿಗೆ ಹಸಿರು ಹೊಡೆಯುತ್ತಿದೆ, ಕೆಟ್ಟ ಉಪ್ಪಿನಕಾಯಿಯ ಹಾಗೆ! ವಾಪಸು ಒಯ್ದು ಜಗಳ ತೆಗೆದೆ. ಅಂಗಡಿಯವರು ಎಲೆ ಅಡಿಕೆ ಜಗಿಯುತ್ತಲೇ, “ಬಣ್ಣದ್ದೇನೂ ತಪ್ಪಿಲ್ರೀ ಸರ. ಬಾಜೂಕ ಇಟ್ಟದ್ದರ ತಪ್ಪು” ಎಂದರು. ಪ್ಯಾರಿಸ್ಸಿನ ಗೋಬೆಲಾಂ ನೇಯ್ಗೆಶಾಲೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ಶೆವ್ರೊಲ್ ಎಂಬ ರಸಾಯನಶಾಸ್ತ್ರಜ್ಞನಿಗೂ ಇಂಥದೇ ದೂರು ಬಂದಿತ್ತು: ಕಪ್ಪು ಸಪ್ಪೆಯಾಗಿದೆ ಅಂತ. ಕಪ್ಪು ಸರಿಯಾಗಿಯೇ ಇದೆ, ಪಕ್ಕದ ಬಣ್ಣಗಳು ಅದನ್ನು ಕೆಡಿಸುತ್ತಿವೆ ಎಂದು ಕಂಡುಕೊಂಡು ಆತ 1839ರಲ್ಲಿ ದಪ್ಪನೆಯ ಪುಸ್ತಕವನ್ನೇ ಬರೆದ. ನಮ್ಮ ಅಂಗಡಿಯವರು ಅದನ್ನು ಎರಡು ವಾಕ್ಯದಲ್ಲಿ ಮುಗಿಸಿ, ಕತ್ತರಿಸಿದ ಬಟ್ಟೆ ವಾಪಸು ಇಲ್ಲ ಎಂಬ ಬೋರ್ಡು ತೋರಿಸಿದರು.

ನಿಶ್ಚಯದ ದಿನ ಇನ್ನೊಂದು ಸತ್ಯ ಹೊಳೆಯಿತು: ಗೋಡೆ ಊಟಕ್ಕೆ ಏಳುವುದಿಲ್ಲ, ಮನುಷ್ಯರು ಏಳುತ್ತಾರೆ. ಮೊದಲ ಪಂಕ್ತಿಗೆ ಇಬ್ಬರು ಮರೂನ್ ಹೊರಟಿದ್ದೇ ನನ್ನ ಅನುಪಾತ ಕುಸಿಯಿತು. ಊಟದ ಹಾಲಿನ ಬಾಗಿಲಿಗೆ ಅಡ್ಡ ನಿಂತು, “ಒಂದು ಮರೂನ್ ಹೋದರ ಎರಡು ಹಳದಿ ಹೋಗಬೇಕು” ಎಂದು ಗೋಗರೆದೆ. ಹೆಂಡತಿ, “ಏನ್ರೀ ಇದು, ಬೀಗರು ನೋಡಾಕತ್ತಾರ” ಎಂದು ತೋಳು ಹಿಡಿದು ಎಳೆದಳು. ಬೀಗರು ನೋಡುತ್ತಿದ್ದರು, ನಿಜ. ಇಂಥ ಮನೆಯಿಂದ ಹೆಣ್ಣು ತರುವುದೇ ಎಂಬಂತೆ.

ಅಷ್ಟರಲ್ಲಿ ಅತ್ತಿ ಬಂದಳು. ದಾಳಿಂಬರಿ ಕೆಂಪಿನ ಇಳಕಲ್ ಸೀರೆ. ಕೆಂಪು ಸೆರಗಿನಲ್ಲಿ ತೆನೆ ತೆನೆಯಾಗಿ ಎದ್ದ ಬಿಳಿ. ಸೆರಗಿನ ಹಾಸನ್ನು ಸೀರೆಯ ಹಾಸಿಗೆ ಕೊಂಡಿ ಹಾಕಿ ಕೂಡಿಸಿದ ಜಾಗ ಹುಡುಕಿದರೂ ಸಿಗದು. ಮೇಲೆ ಗುಳೇದಗುಡ್ಡದ ಹಸಿರು ಖಣದ ಕುಪ್ಪಸ. ಫೋಟೋದವನು ನಮ್ಮ ಒಂಬತ್ತು ಜನರನ್ನು ಅತ್ತಿತ್ತ ತಳ್ಳಿ ಅವಳನ್ನು ನಡುವೆ ನಿಲ್ಲಿಸಿದ.

“ಅತ್ತಿ, ನಾ ತಂದುಕೊಟ್ಟ ಹಸಿರು ಬಟ್ಟಿ ಎಲ್ಲಿ?”

“ದಿಂಬಿಗೆ ಹೊಲಿಸೇನಲ್ಲೋ” ಎಂದಳು, ಕ್ಯಾಮೆರಾದಿಂದ ಕಣ್ಣು ತೆಗೆಯದೆ.